ಅಕ್ಕಿ ಬಿತ್ತಿದರೆ ಏಕೆ ಮೊಳೆಯಲಿಲ್ಲ?

ಪ್ರಶ್ನೆ: ನಾವು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಊರಿನಲ್ಲಿ ಈಗ ಜಮೀನಿಲ್ಲ. ಐದು ವರ್ಷದ ಮಗಳಿಗೆ ಬೇಸಾಯದ ಪರಿಚಯವಾಗಲೆಂದು ಒಮ್ಮೆ ಫಾರ್ಮ್ ಸ್ಟೇಗೆ ಕರೆದುಕೊಂಡು ಹೋಗಿದ್ದೆವು. ಮೊಲಕ್ಕೆ ಕ್ಯಾರೆಟ್ ತಿನ್ನಿಸಿದಳು, ಎತ್ತಿನ ಗಾಡಿ ಹತ್ತಿದಳು, ಅಷ್ಟೇ. ಮನೆಯಲ್ಲಿ ಕುಂಡಕ್ಕೆ ಅಕ್ಕಿ ಹಾಕಿ ನೀರು ಹನಿಸಿದೆವು, ಮೊಳೆಯಲೇ ಇಲ್ಲ. ಇಷ್ಟು ಚಿಕ್ಕ ಮಗುವಿಗೆ ಇದನ್ನೆಲ್ಲ ಹೇಗೆ ಕಲಿಸಬೇಕು? ಮನೆಯಲ್ಲಿ ಯಾವ ಕೈಕೆಲಸ ಮಾಡಿಸಬಹುದು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಮೊದಲು ನಿಮ್ಮ ಕುಂಡದ ವಿಷಯವನ್ನೇ ಮುಗಿಸೋಣ. ಅಂಗಡಿಯಿಂದ ತರುವ ಅಕ್ಕಿ ಬಿತ್ತನೆಗೆ ಬರುವುದಿಲ್ಲ, ಬಿತ್ತಬೇಕಾದದ್ದು ಭತ್ತ. ಗಿರಣಿಯಲ್ಲಿ ಭತ್ತದ ಹೊಟ್ಟು ಹೋಗುತ್ತದೆ. ಪಾಲಿಶ್ ಮಾಡುವಾಗ ತೌಡಿನ ಜೊತೆಗೆ ಮೊಳಕೆಯ ಭಾಗವೂ ಉದುರಿಹೋಗುತ್ತದೆ. ಒಂದು ಅಕ್ಕಿಕಾಳನ್ನು ಅಂಗೈ ಮೇಲಿಟ್ಟು ಬೆಳಕಿನಲ್ಲಿ ನೋಡಿ; ಒಂದು ತುದಿಯಲ್ಲಿ ಸಣ್ಣ ಕಚ್ಚು ಕಾಣುತ್ತದೆ. ಮೊಳಕೆ ಇದ್ದ ಜಾಗ ಅದು. ಮಗಳಿಗೂ ತೋರಿಸಿ. ಒಡೆದ ತೊಗರಿಬೇಳೆಯ ಕಥೆಯೂ ಇದೇ. ಆದರೆ ಅದೇ ಅಡುಗೆಮನೆಯ ಇಡೀ ಹೆಸರುಕಾಳು ಮೊಳೆಯುತ್ತದೆ, ರಾಗಿಯೂ ಮೊಳೆಯುತ್ತದೆ. ಮೊಳಕೆ ಕಟ್ಟಿ ರಾಗಿ ಹಿಟ್ಟು ಮಾಡಿಸುವ ಮನೆಗಳಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಈ ಸಲ ಕುಂಡಕ್ಕೆ ಒಂದು ಚಿಟಿಕೆ ರಾಗಿ ಉದುರಿಸಿ, ಪಕ್ಕದ ಕುಂಡದಲ್ಲಿ ಅಕ್ಕಿಯೂ ಇರಲಿ. ಯಾವುದು ಬಂತು, ಯಾವುದು ಬರಲಿಲ್ಲ ಎಂದು ಅವಳೇ ಹೇಳಲಿ.

ಇನ್ನು ಭೇಟಿಯ ವಿಚಾರ. ಫಾರ್ಮ್ ಸ್ಟೇಗೆ ಹೋದದ್ದರಲ್ಲಿ ತಪ್ಪೇನಿಲ್ಲ. ಆದರೆ ಅಲ್ಲಿ ಎಲ್ಲವೂ ಒಂದೇ ದಿನಕ್ಕೆ ಒಪ್ಪ ಮಾಡಿಟ್ಟಂತಿರುತ್ತದೆ. ಬೇಸಾಯದಲ್ಲಿ ಮುಖ್ಯವಾದದ್ದು ಕಾಯುವ ಕೆಲಸ, ಅದು ಮಾತ್ರ ಅಲ್ಲಿ ಕಾಣುವುದಿಲ್ಲ. ಆದ್ದರಿಂದ ನನ್ನ ಸಲಹೆ ಇಷ್ಟು: ಹತ್ತು ಕಡೆ ಒಂದೊಂದು ಸಲ ಹೋಗುವ ಬದಲು, ಒಂದೇ ಹೊಲಕ್ಕೆ ಒಂದೇ ವರ್ಷದಲ್ಲಿ ಮೂರು ನಾಲ್ಕು ಸಲ ಹೋಗಿ. ಮಾಗಡಿ, ಕೋಲಾರ, ತುಮಕೂರಿನ ಕಡೆ ಮಳೆ ನಂಬಿ ರಾಗಿ ಬೆಳೆಯುವ ಪರಿಚಯಸ್ಥರು ನಿಮ್ಮ ಬಳಗದಲ್ಲಿ ಯಾರಾದರೂ ಇದ್ದೇ ಇರುತ್ತಾರೆ.

ಮೊದಲ ಸಲ ಜೂನ್, ಜುಲೈನಲ್ಲಿ ಬಿತ್ತನೆಯ ಹೊತ್ತಿಗೆ ಹೋಗಿ. ಬರೀ ಮಣ್ಣು ಬಿಟ್ಟು ನೋಡಲು ಏನೂ ಇರುವುದಿಲ್ಲ, ಇರಲಿ. ಆ ಖಾಲಿ ಹೊಲವನ್ನು ಅವಳು ನೋಡಿರಬೇಕು. ಎರಡನೆಯ ಸಲ, ಪೈರು ಮೊಣಕಾಲೆತ್ತರ ಬಂದು ಕಳೆ ತೆಗೆಯುವ ಸಮಯಕ್ಕೆ. ಆಗ ಅಕ್ಕಡಿ ಸಾಲು ತೋರಿಸಿ: ರಾಗಿಯ ನಡುವೆ ಅಲ್ಲಲ್ಲಿ ಅವರೆ, ತೊಗರಿ, ಹುಚ್ಚೆಳ್ಳಿನ ಸಾಲುಗಳು. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಇರಲಿ ಎನ್ನುವ ರೈತನ ಲೆಕ್ಕಾಚಾರ ಅದು. ಐದು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಮೂರನೆಯ ಸಲ ತೆನೆ ಬಂದಾಗ. ರಾಗಿ ತೆನೆ ಬೆರಳುಗಳನ್ನು ಒಳಕ್ಕೆ ಮಡಚಿದ ಕೈಯ ಹಾಗಿರುತ್ತದೆ. ಅವಳ ಕೈಯನ್ನು ಪಕ್ಕಕ್ಕೆ ಹಿಡಿಸಿ, ತೆನೆಗೆ ಎಷ್ಟು ಬೆರಳಿವೆ ಎಂದು ಎಣಿಸಲು ಹೇಳಿ.

ಕೊನೆಯದು ನವೆಂಬರ್, ಡಿಸೆಂಬರಿನ ಕೊಯ್ಲು, ಒಕ್ಕಣೆ. ಎಲ್ಲಕ್ಕಿಂತ ಹೆಚ್ಚು ಸಮಯ ಇಲ್ಲೇ ಕಳೆಯಿರಿ. ಮೊರದಲ್ಲಿ ಎತ್ತಿ ಸುರಿದಾಗ ಕಾಳು ನೆಟ್ಟಗೆ ಕೆಳಗೆ ಬಿದ್ದು, ಹೊಟ್ಟು ಗಾಳಿಗೆ ಪಕ್ಕಕ್ಕೆ ಸರಿಯುತ್ತದಲ್ಲ, ಅದನ್ನು ಮಗು ಎಷ್ಟು ಹೊತ್ತು ಬೇಕಾದರೂ ನೋಡುತ್ತದೆ. ಅವಳ ಕೈಗೂ ಒಂದು ಹಿಡಿ ಕೊಟ್ಟು ಸುರಿಯಲು ಹೇಳಿ. ಗಾಳಿ ನಿಂತರೆ ಏನಾಗುತ್ತದೆ ಎಂಬುದನ್ನೂ ನೋಡಲಿ. ಈಗ ಹಲವು ಕಡೆ ಕಣವೇ ಇಲ್ಲ. ತೆನೆಯನ್ನು ಡಾಂಬರು ರಸ್ತೆಗೆ ಹರಡುತ್ತಾರೆ, ಇಲ್ಲವೇ ಯಂತ್ರ ಬಂದು ಎಲ್ಲವನ್ನೂ ಮುಗಿಸಿ ಹೋಗುತ್ತದೆ. ಅದನ್ನೂ ತೋರಿಸಿ. ಎತ್ತು, ನೇಗಿಲಿನ ಚಿತ್ರವನ್ನೇ ತಲೆಗೆ ತುಂಬಿ ಟ್ರ್ಯಾಕ್ಟರನ್ನು ಮರೆಮಾಚುವುದು ನನಗೆ ಸರಿ ಕಾಣುವುದಿಲ್ಲ. ಮಳೆ ತಪ್ಪಿ ಪೈರು ಒಣಗಿದ ವರ್ಷವಾದರೆ ಅದೂ ಪಾಠವೇ, ಭೇಟಿ ರದ್ದು ಮಾಡಬೇಡಿ.

ಆ ಊರಿನಲ್ಲಿ ಹಾಲಿನ ಡೇರಿ ಇದ್ದರೆ ಬೆಳಿಗ್ಗೆ ಬೇಗ ಎದ್ದು ಅಲ್ಲಿಗೂ ಹೋಗಿ ಬನ್ನಿ. ಜನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ಅಳತೆ, ಪರೀಕ್ಷೆ, ಬರೆದುಕೊಳ್ಳುವುದು ಎಲ್ಲ ಕಣ್ಣೆದುರೇ ನಡೆಯುತ್ತದೆ. ನಿಮ್ಮ ಮನೆಗೆ ಬರುವ ಪ್ಯಾಕೆಟ್ಟಿನ ಹಿಂದಿನ ದಾರಿ ಅದು. ಹಸು ಕರು ಹಾಕಿದ ಮೇಲೆ ಮಾತ್ರ ಹಾಲು ಕೊಡುತ್ತದೆ ಎಂಬುದನ್ನೂ ಅಲ್ಲಿಯೇ ಹೇಳಿ.

ಕೈಕೆಲಸಕ್ಕೆ ಬರೋಣ. ಆ ದಿನ ನೋಡಿ ಬಂದದ್ದನ್ನೇ ಮನೆಯಲ್ಲಿ ಮಾಡಿಸಿ. ಬಣ್ಣದ ಕಾಗದದಲ್ಲಿ ಕೋಳಿ, ಕುರಿ ಕತ್ತರಿಸಿ ಅಂಟಿಸುವುದು ಹೊತ್ತು ಕಳೆಯಲು ಸಾಕು, ಅದಕ್ಕಿಂತ ಹೆಚ್ಚಿಗೆ ಅದರಲ್ಲಿ ಏನಿಲ್ಲ. ನಮ್ಮಲ್ಲೇ ಇದಕ್ಕಿಂತ ಒಳ್ಳೆಯದಿದೆ. ಉತ್ತರ ಕರ್ನಾಟಕದಲ್ಲಿ ಕಾರಹುಣ್ಣಿಮೆಯ ನಂತರ ಬರುವ ಅಮಾವಾಸ್ಯೆ ಮಣ್ಣೆತ್ತಿನ ಅಮಾವಾಸ್ಯೆ. ಮಣ್ಣಿನಲ್ಲಿ ಎತ್ತು ಮಾಡಿ ಪೂಜಿಸುವ ದಿನ ಅದು, ಬಿತ್ತನೆಯ ಕಾಲಕ್ಕೇ ಬರುತ್ತದೆ. ಜೇಡಿಮಣ್ಣನ್ನು ಚಪಾತಿ ಹಿಟ್ಟಿನ ಹದಕ್ಕೆ ನಾದಿಕೊಡಿ. ಒಂದೇ ಉಂಡೆಯಿಂದ ನಾಲ್ಕು ಕಾಲು ಎಳೆಯಬೇಕು. ಬೇರೆ ಮಾಡಿ ಅಂಟಿಸಿದರೆ ಒಣಗಿದ ಮೇಲೆ ಕಳಚಿಕೊಳ್ಳುತ್ತವೆ. ಬೆನ್ನ ಮೇಲೆ ಡುಬ್ಬ ಮರೆಯಬೇಡಿ. ನೊಗ ಕೂರುವುದು ಅದರ ಮುಂದೆಯೇ. ಹೊಲದಲ್ಲಿ ಹಳ್ಳಿಕಾರ್ ಎತ್ತು, ಡೇರಿಯ ಬಳಿ ಕಪ್ಪುಬಿಳಿ ಎಚ್‌ಎಫ್ ಹಸು ಎರಡನ್ನೂ ನೋಡಿದ ಮಗು, ಒಂದಕ್ಕೆ ಡುಬ್ಬ ಇದೆ, ಇನ್ನೊಂದಕ್ಕೆ ಇಲ್ಲ ಎಂದು ತಾನೇ ಹೇಳಬಹುದು. ಎತ್ತನ್ನು ನೆರಳಿನಲ್ಲೇ ಒಣಗಿಸಿ, ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ.

ಆ ಎತ್ತಿಗೆ ಗಾಡಿ ಬೇಕಲ್ಲ? ಒಣಗಿದ ಜೋಳದ ದಂಟು ಸಿಕ್ಕರೆ ಸಿಪ್ಪೆ ಸುಲಿದು, ಒಳಗಿನ ಬೆಂಡಿನ ತುಂಡುಗಳಿಗೆ ಸಿಪ್ಪೆಯ ಕಡ್ಡಿ ಚುಚ್ಚಿ ಬಂಡಿ ಕಟ್ಟಬಹುದು. ಅಂಟು, ದಾರ ಯಾವುದೂ ಬೇಡ. ಸಿಪ್ಪೆಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಆದ್ದರಿಂದ ಸುಲಿಯುವುದು ನಿಮ್ಮ ಕೆಲಸ, ಚುಚ್ಚುವುದು ಅವಳದು.

ಕುಂಡದಲ್ಲಿ ಇನ್ನೊಂದು ಬೆಳೆ ಬೇಕೆಂದರೆ ಹುರಿಯದ ಕಡಲೆಕಾಯಿ ಬೀಜ ಹಾಕಿ. ಹಳದಿ ಹೂ ಬಾಡಿದ ಮೇಲೆ ಅಲ್ಲಿಂದ ದಾರದಂಥ ಮೊನೆಯೊಂದು ಹೊರಟು, ಕೆಳಕ್ಕೆ ಇಳಿದು ಮಣ್ಣಿಗೆ ತೂರಿಕೊಳ್ಳುತ್ತದೆ. ಕಾಯಿ ಕಟ್ಟುವುದು ಮಣ್ಣಿನೊಳಗೆ. ಕಾರ್ತೀಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗುವ ಮೊದಲು ಇದನ್ನು ನೋಡಿದ್ದರೆ ಅಲ್ಲಿನ ರಾಶಿಗಳು ಅವಳಿಗೆ ಬೇರೆ ಥರ ಕಾಣುತ್ತವೆ.

ಕೆಲವು ಎಚ್ಚರಿಕೆಗಳು. ಕಾಳು ಅಂಟಿಸಿ ಚಿತ್ರ ಮಾಡುವಾಗ ಗುಲಗಂಜಿ, ಹರಳು ಬೀಜ ಬೇಡವೇ ಬೇಡ, ಎರಡೂ ವಿಷ. ಮನೆಯಲ್ಲಿ ಇನ್ನೂ ಚಿಕ್ಕ ಮಗುವಿದ್ದರೆ ಯಾವ ಕಾಳೂ ಅದರ ಕೈಗೆ ಸಿಗಬಾರದು. ಮೂಗಿಗೆ, ಕಿವಿಗೆ ತುರುಕಿಕೊಳ್ಳುತ್ತದೆ. ಹೊಲದಲ್ಲಿ ಬಾವಿಗಿಂತಲೂ ಹೆಚ್ಚು ಭಯಪಡಬೇಕಾದದ್ದು ಪ್ಲಾಸ್ಟಿಕ್ ಹೊದಿಸಿದ ಕೃಷಿ ಹೊಂಡಕ್ಕೆ. ಅದರ ಅಂಚಿನಲ್ಲಿ ಕಾಲಿಟ್ಟರೆ ಜಾರುತ್ತದೆ, ಬಿದ್ದವರಿಗೆ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಔಷಧಿ ಹೊಡೆದಿದ್ದಾರೆಯೇ ಎಂದು ಕೇಳಿಕೊಂಡೇ ಹೊಲಕ್ಕಿಳಿಯಿರಿ. ದನ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಸದೆ ತಿಂಡಿ ಕೊಡಬೇಡಿ.

ಮಳೆ ಬಿದ್ದ ಮರುದಿನವೋ ಅದರ ಮರುದಿನವೋ ಬಿತ್ತನೆ ಶುರುವಾಗಿಬಿಡುತ್ತದೆ, ಭಾನುವಾರಕ್ಕೆ ಯಾರೂ ಕಾಯುವುದಿಲ್ಲ. ಆದ್ದರಿಂದ ಹೊಲದವರಿಗೆ ಈಗಲೇ ಫೋನು ಮಾಡಿ ಹೇಳಿಟ್ಟಿರಿ, ಅವರು ಕರೆದ ದಿನ ಮಗಳ ಶಾಲೆಗೆ ಒಂದು ರಜಾ ಚೀಟಿ ಬರೆದುಕೊಡಿ.