ಒತ್ತು ಎಲ್ಲಿದೆ? ಟಿಇಟಿ ಇಂಗ್ಲಿಷ್‌ಗಾಗಿ ಎಂಟು ಅವಧಿಗಳ ಅಭ್ಯಾಸ

ಹಿನ್ನೆಲೆ

ನಮ್ಮ ಕಾಲೇಜಿನಲ್ಲಿ ನಡೆಸಿದ ಮೊದಲ ಮಾದರಿ ಟಿಇಟಿಯಲ್ಲಿ ನನಗೆ 150ಕ್ಕೆ 88 ಅಂಕ ಬಂದವು. ಸಾಮಾನ್ಯ ವರ್ಗದವರು ಅರ್ಹರಾಗಲು ಶೇ. 60, ಅಂದರೆ 90 ಅಂಕ ಬೇಕು. ಎರಡು ಅಂಕ ಕಡಿಮೆ. ಎರಡನೆಯ ಪತ್ರಿಕೆಯಲ್ಲಿ ಗಣಿತ ಮತ್ತು ವಿಜ್ಞಾನಕ್ಕೆ 60, ಶಿಶು ವಿಕಾಸ ಮತ್ತು ಬೋಧನಾ ಕ್ರಮಕ್ಕೆ 30, ಎರಡು ಭಾಷೆಗಳಿಗೆ ತಲಾ 30 ಅಂಕಗಳಿವೆ. ಬಿ.ಎಸ್ಸಿ. ಮುಗಿಸಿ ಬಂದ ನಾನು 60 ಅಂಕಗಳ ಭಾಗವನ್ನೇ ನೆಚ್ಚಿಕೊಂಡಿದ್ದೆ. ಇಂಗ್ಲಿಷ್‌ನಲ್ಲಿ ಬಂದದ್ದು 13. ಟಿಇಟಿ ಆಗದೆ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಅರ್ಜಿಯನ್ನೇ ಹಾಕುವಂತಿಲ್ಲ. ಮನೆಯಲ್ಲಿ ತಂಗಿಯ ಓದು ನನ್ನ ಸಂಬಳಕ್ಕೆ ಕಾಯುತ್ತಿದೆ. ಹಾಗಾಗಿ ಆ ಎರಡು ಅಂಕ ನನಗೆ ಸಣ್ಣದಾಗಿ ಕಾಣಲಿಲ್ಲ.

ಉತ್ತರಗಳನ್ನು ಮತ್ತೆ ಪರಿಶೀಲಿಸಿದಾಗ ನನ್ನ ತಪ್ಪುಗಳಲ್ಲಿ ಹೆಚ್ಚಿನವು ಪದಗಳ ಅರ್ಥ, ನುಡಿಗಟ್ಟು, ಪದದ ಒತ್ತು ಎಂಬ ಮೂರು ಗುಂಪುಗಳಲ್ಲೇ ಇದ್ದವು. ಇಂಗ್ಲಿಷ್ ಬೋಧನಾ ಪದ್ಧತಿಯ ಮೇಡಂ ಬಳಿ ಹೋಗಿ ಯಾವ ಪುಸ್ತಕ ಓದಲಿ ಎಂದು ಕೇಳಿದೆ. "ಪುಸ್ತಕ ಆಮೇಲೆ. ಇಂಗ್ಲಿಷ್‌ನಲ್ಲಿ ನಿನ್ನ ಹಾಗೇ ಬಿದ್ದವರು ಹನ್ನೆರಡು ಜನ ಇದ್ದಾರೆ. ಅವರಿಗೆ ನೀನೇ ಪಾಠ ಮಾಡು. ತಪ್ಪು ಮಾಡಿದವರಿಗೇ ತಪ್ಪು ಎಲ್ಲಿ ಹುಟ್ಟುತ್ತೆ ಅನ್ನೋದು ಗೊತ್ತಿರೋದು" ಅಂದರು. ಹೀಗೆ ಸಂಜೆಯ ಹೊತ್ತು ನಲವತ್ತು ನಿಮಿಷಗಳ ಎಂಟು ಅವಧಿಗಳನ್ನು ಯೋಜಿಸಿದೆ. ಅವುಗಳಲ್ಲಿ ಫಲಿಸಿದ್ದನ್ನೂ ಕೆಟ್ಟದ್ದನ್ನೂ ಇಲ್ಲಿ ಬರೆದಿದ್ದೇನೆ.

ಅವಧಿ 1 ಮತ್ತು 2: ಪಟ್ಟಿಯಲ್ಲ, ಕುಟುಂಬ

ಸಮಾನಾರ್ಥಕ ಪದಗಳ ಉದ್ದನೆಯ ಪಟ್ಟಿಯನ್ನು ಬಾಯಿಪಾಠ ಮಾಡುವುದು ನಮ್ಮೆಲ್ಲರ ರೂಢಿ. ನಾಲ್ಕು ದಿನಕ್ಕೆ ಅದು ಮರೆತುಹೋಗುತ್ತದೆ. ಅದಕ್ಕೆ ಬದಲಾಗಿ, ನಮಗೆ ಈಗಾಗಲೇ ಗೊತ್ತಿರುವ ವಿಜ್ಞಾನದ ಪದಗಳನ್ನು ಪೂರ್ವಜ್ಞಾನವಾಗಿ ಹಿಡಿದೆ. ಆರನೆಯ ತರಗತಿಯ ಮಗುವಿಗೂ 'ಆಮ್ನಿವೋರ್' ಎಂದರೆ ಸರ್ವಾಹಾರಿ ಎಂದು ಗೊತ್ತು. 'ಆಮ್ನಿ' ಎಂದರೆ 'ಸರ್ವ' ಎಂದು ಹಲಗೆಯ ಮೇಲೆ ಬರೆದು ಮುಂದಿನದನ್ನು ಗೆಳತಿಯರಿಂದಲೇ ಹೇಳಿಸಿದೆ. ಆಮ್ನಿಪೊಟೆಂಟ್ ಸರ್ವಶಕ್ತ, ಆಮ್ನಿಪ್ರೆಸೆಂಟ್ ಸರ್ವಾಂತರ್ಯಾಮಿ, ಆಮ್ನಿಸಿಯೆಂಟ್ ಸರ್ವಜ್ಞ. ಒಂದು ಪದದಿಂದ ಮೂರು 'ಒಂದೇ ಪದದಲ್ಲಿ ಹೇಳಿ' ಪ್ರಶ್ನೆಗಳಿಗೆ ಉತ್ತರ ಸಿಕ್ಕಿತು. ಬಯೋ, ಥರ್ಮೋ, ಹೈಡ್ರೋ, ಫೋಟೋ ಇವುಗಳಿಗೂ ಹೀಗೆಯೇ ಒಂದೊಂದು ಕುಟುಂಬ ಕಟ್ಟಿದೆವು.

ವಿರುದ್ಧ ಪದಗಳಿಗೆ ಸಂಧಿ ನೆರವಾಯಿತು. ಸತ್ ಮತ್ತು ಜನ ಸೇರಿದಾಗ ಮುಂದಿನ ಧ್ವನಿಯ ಪ್ರಭಾವದಿಂದ ಸಜ್ಜನ ಆಗುವುದನ್ನು ನಾವು ಹೈಸ್ಕೂಲಿನಲ್ಲೇ ಓದಿದ್ದೇವೆ. ಇಂಗ್ಲಿಷ್‌ನ 'ಇನ್' ಎಂಬ ನಿಷೇಧದ ಪೂರ್ವಪ್ರತ್ಯಯವೂ ಮುಂದಿನ ಧ್ವನಿಗೆ ತಕ್ಕಂತೆ ಬದಲಾಗುತ್ತದೆ. ಪಾಸಿಬಲ್ ಮುಂದೆ 'ಇಮ್', ಲೀಗಲ್ ಮುಂದೆ 'ಇಲ್', ರೆಗ್ಯುಲರ್ ಮುಂದೆ 'ಇರ್'. ಆದರೆ 'ಅನ್' ಎಂಬುದು ಯಾರ ಮುಂದೆಯೂ ಬದಲಾಗುವುದಿಲ್ಲ. ಅನ್‌ಪಾಪ್ಯುಲರ್, ಅನ್‌ರಿಯಲ್ ಹಾಗೆಯೇ ಉಳಿಯುತ್ತವೆ.

ಈ ಅವಧಿಯಲ್ಲಿ ಕಂಡ ಮುಖ್ಯ ದೋಷ ಬೇರೆಯದು. ಇಂಗ್ಲಿಷ್ ಪದ ಕನ್ನಡಕ್ಕೆ ಬಂದು ಪಡೆದ ಅರ್ಥವನ್ನೇ ನಾವು ಅದರ ಏಕೈಕ ಅರ್ಥವೆಂದು ನಂಬುತ್ತೇವೆ. 'ಕರೆಂಟ್ ಇಶ್ಯೂಸ್' ಎಂಬಲ್ಲಿ 'ಕರೆಂಟ್' ಪದದ ಸಮಾನಾರ್ಥಕ ಕೇಳಿದರೆ ಹನ್ನೆರಡರಲ್ಲಿ ಐವರು ವಿದ್ಯುತ್ತನ್ನು ಆರಿಸಿದರು. 'ಈಗಿನ' ಎಂಬ ಅರ್ಥ ಹೊಳೆಯಲಿಲ್ಲ. ವಿಜ್ಞಾನದವರಿಗೆ ವರ್ಕ್, ಪವರ್, ಮ್ಯಾಟರ್, ವಾಲ್ಯೂಮ್, ಸೆಲ್ ಪದಗಳಲ್ಲೂ ಇದೇ ಅಪಾಯವಿದೆ. ಹಾಗಾಗಿ ಪದವನ್ನು ಒಂಟಿಯಾಗಿ ಓದದೆ, ವಾಕ್ಯದಲ್ಲಿ ಅದರ ಪಕ್ಕದ ಪದವನ್ನು ಮೊದಲು ನೋಡಬೇಕು ಎಂಬ ನಿಯಮ ಮಾಡಿಕೊಂಡೆವು.

ಅವಧಿ 3 ಮತ್ತು 4: ಕೈ ಕೊಟ್ಟ ನುಡಿಗಟ್ಟು

ನುಡಿಗಟ್ಟುಗಳನ್ನು ಕನ್ನಡದೊಂದಿಗೆ ಹೋಲಿಸಿ ಕಲಿಸಲು ಯೋಜಿಸಿದ್ದೆ. ಕೆಲವು ಸಲೀಸಾಗಿ ಹೊಂದಿದವು. ಕ್ರೊಕಡೈಲ್ ಟಿಯರ್ಸ್ ಮೊಸಳೆ ಕಣ್ಣೀರು. ಥ್ರೋ ಡಸ್ಟ್ ಇನ್ ಒನ್ಸ್ ಐಸ್ ಕಣ್ಣಿಗೆ ಮಣ್ಣೆರಚು. ಇನ್ನು ಕೆಲವಕ್ಕೆ ಚಿತ್ರ ಬೇರೆ, ಭಾವ ಒಂದೇ. ಎ ಪೀಸ್ ಆಫ್ ಕೇಕ್ ಎಂದರೆ ನಮ್ಮಲ್ಲಿ ಸುಲಿದ ಬಾಳೆಹಣ್ಣು. ಬೀಟ್ ಅಬೌಟ್ ದ ಬುಷ್ ಎಂದರೆ ವಿಷಯಕ್ಕೆ ಬಾರದೆ ಸುತ್ತಿ ಬಳಸಿ ಮಾತಾಡುವುದು.

ಇಷ್ಟರಲ್ಲಿ ಎಲ್ಲರೂ ಹೋಲಿಕೆಯನ್ನು ನಂಬಿಬಿಟ್ಟಿದ್ದರು. ಆಗ 'ಹಿ ಗೇವ್ ಮಿ ಎ ಹ್ಯಾಂಡ್' ಎಂಬ ಪ್ರಶ್ನೆ ಕೊಟ್ಟೆ. ಆಯ್ಕೆಗಳು ನಾಲ್ಕು: ನನಗೆ ಸಹಾಯ ಮಾಡಿದ, ನನಗೆ ಮೋಸ ಮಾಡಿದ, ನನ್ನನ್ನು ಹೊಡೆದ, ನನ್ನನ್ನು ಸ್ವಾಗತಿಸಿದ. ಏಳು ಮಂದಿ 'ಮೋಸ ಮಾಡಿದ' ಎಂದು ಗುರುತು ಹಾಕಿದರು. ಕನ್ನಡದಲ್ಲಿ ಕೈ ಕೊಟ್ಟ ಎಂದರೆ ನಡುನೀರಿನಲ್ಲಿ ಬಿಟ್ಟ. ಇಂಗ್ಲಿಷ್‌ನಲ್ಲಿ ಅದು ನೆರವಿಗೆ ಬಂದ ಎಂಬ ಅರ್ಥ. ತಮಾಷೆಯೆಂದರೆ ಮಾದರಿ ಪರೀಕ್ಷೆಯಲ್ಲಿ ನಾನೂ ಇದೇ ಪ್ರಶ್ನೆಯಲ್ಲಿ ತಪ್ಪಿದ್ದೆ. 'ಪುಲ್ ಒನ್ಸ್ ಲೆಗ್' ಕೂಡ ಇಂಥದ್ದೇ. ನಮ್ಮಲ್ಲಿ ಕಾಲೆಳೆಯುವುದು ತಮಾಷೆಯೂ ಆಗಬಹುದು, ಏಳಿಗೆಗೆ ಅಡ್ಡಿ ಮಾಡುವುದೂ ಆಗಬಹುದು. ಇಂಗ್ಲಿಷ್‌ನಲ್ಲಿ ಅದು ತಮಾಷೆ ಮಾತ್ರ.

ನಾಲ್ಕನೆಯ ಅವಧಿಗೆ ಯೋಜನೆ ಬದಲಿಸಿದೆ. ನುಡಿಗಟ್ಟುಗಳ ಮಿಂಚುಪಟ್ಟಿಗಳನ್ನು ಮೇಜಿನ ಮೇಲಿಟ್ಟು ಮೂರು ಡಬ್ಬಿಗಳಿಗೆ ಹಾಕಿಸಿದೆ. ಮೊದಲನೆಯದು 'ಪದವೂ ಒಂದೇ, ಅರ್ಥವೂ ಒಂದೇ'. ಎರಡನೆಯದು 'ಪದ ಬೇರೆ, ಅರ್ಥ ಒಂದೇ'. ಮೂರನೆಯದು 'ಪದ ಒಂದೇ, ಅರ್ಥ ಬೇರೆ'. ಮೂರನೆಯ ಡಬ್ಬಿಯಲ್ಲಿ ಬಿದ್ದ ಪಟ್ಟಿಗಳು ಕಡಿಮೆ, ಆದರೆ ಅಂಕ ಹೋಗುವುದು ಅಲ್ಲೇ. ಹೋಲಿಕೆ ಕಲಿಸುವವರು ಹೋಲಿಕೆ ಮುರಿಯುವ ಜಾಗವನ್ನೂ ಅದೇ ದಿನ ಕಲಿಸಬೇಕು ಎಂದು ಅಂದಿನ ಸ್ವಾವಲೋಕನದಲ್ಲಿ ಬರೆದುಕೊಂಡೆ.

ಅವಧಿ 5, 6 ಮತ್ತು 7: ಒತ್ತು

ಐದನೆಯ ಅವಧಿ ಮೊದಲ ಪ್ರಶ್ನೆಯಲ್ಲೇ ಮುಗ್ಗರಿಸಿತು. "ಫೋಟೋಗ್ರಾಫ್ ಪದದಲ್ಲಿ ಒತ್ತು ಎಲ್ಲಿದೆ?" ಎಂದು ಕೇಳಿದೆ. ಹಿಂದಿನ ಬೆಂಚಿನಿಂದ ಗೆಳತಿಯೊಬ್ಬಳು ಕೂಡಲೇ "ಗ್ರಾ ಕೆಳಗೆ, ರ ಒತ್ತು" ಅಂದಳು. ಎಲ್ಲರೂ ನಕ್ಕರು. ಆದರೆ ತಪ್ಪು ಅವಳದಲ್ಲ, ನನ್ನದು. ಕನ್ನಡದಲ್ಲಿ ಓದಿದವರಿಗೆ ಒತ್ತು ಎಂದರೆ ಒತ್ತಕ್ಷರ. ಬರೆಯುವ ಒತ್ತು ಬೇರೆ, ಉಸಿರಿನಲ್ಲಿ ಹಾಕುವ ಒತ್ತು ಬೇರೆ ಎಂದು ಮೊದಲೇ ಬಿಡಿಸಿ ಹೇಳಬೇಕಿತ್ತು.

ಸರಿಪಡಿಸಲು ಹೋಗಿ ಇನ್ನೊಂದು ತಪ್ಪು ಮಾಡಿದೆ. ಲಘು ಗುರು ಎಲ್ಲರಿಗೂ ಗೊತ್ತಲ್ಲ, ಗುರು ಇರುವಲ್ಲಿ ಒತ್ತು ಎಂದುಬಿಟ್ಟೆ. ಪೊಲೀಸ್ ಪದಕ್ಕೆ ಅದು ಸರಿಹೋಯಿತು, ಒತ್ತು 'ಲೀಸ್' ಮೇಲೆ. ಆದರೆ ಕ್ಯಾಲೆಂಡರ್ ಬರೆದು ಪ್ರಸ್ತಾರ ಹಾಕಿದರೆ ಮೂರೂ ಗುರು! ಒತ್ತು ಇರುವುದು ಮೊದಲನೆಯದರ ಮೇಲೆ ಮಾತ್ರ. ಕಮಿಟಿಯಲ್ಲಿ ಮೂರೂ ಲಘು, ಒತ್ತು ನಡುವಿನ 'ಮಿ' ಮೇಲೆ. ಎಲೆಕ್ಟ್ರಿಸಿಟಿಯಲ್ಲಿ 'ಲೆ' ಒಂದೇ ಗುರು, ಒತ್ತು ಮಾತ್ರ 'ಟ್ರಿ' ಮೇಲೆ. ನನ್ನ ನಿಯಮ ಹತ್ತು ನಿಮಿಷವೂ ನಿಲ್ಲಲಿಲ್ಲ. ವೀಕ್ಷಣೆಗೆ ಕೂತಿದ್ದ ಮೇಡಂ ಏನೂ ಹೇಳಲಿಲ್ಲ, ವೀಕ್ಷಣಾ ಪುಸ್ತಕದಲ್ಲಿ ಮಾತ್ರ 'ಉದ್ದ ಬೇರೆ, ಒತ್ತು ಬೇರೆ' ಎಂದು ಬರೆದಿದ್ದರು.

ಆ ಸಾಲನ್ನೇ ಆರನೆಯ ಅವಧಿಯ ಕಲಿಕಾಂಶ ಮಾಡಿಕೊಂಡೆ. ಕನ್ನಡದಲ್ಲಿ ಅರ್ಥ ಬದಲಿಸುವುದು ಉದ್ದ ಮತ್ತು ದ್ವಿತ್ವ: ಬಿಡು–ಬೀಡು, ಹಳಿ–ಹಳ್ಳಿ. ಯಾವ ಅಕ್ಷರವನ್ನು ಗಟ್ಟಿಯಾಗಿ ಹೇಳಿದರೂ ಬೀಡು ಬೀಡೇ. ಇಂಗ್ಲಿಷ್‌ನಲ್ಲಿ ಪದದ ಒಂದು ಉಚ್ಚಾರಾಂಶ ಎದ್ದು ಕೇಳುತ್ತದೆ, ಒತ್ತು ಬೀಳದ ಹಲವು ಸ್ವರಗಳು ಸೊರಗುತ್ತವೆ. ಒತ್ತು ಜಾಗ ಬದಲಿಸಿದರೆ ಪದದ ಜಾತಿಯೇ ಬದಲಾಗಬಹುದು. ರೆಕಾರ್ಡ್ ನಾಮಪದವಾದರೆ ಒತ್ತು ಮೊದಲ ಉಚ್ಚಾರಾಂಶದ ಮೇಲೆ, ಕ್ರಿಯಾಪದವಾದರೆ ಎರಡನೆಯದರ ಮೇಲೆ. ಪ್ರೆಸೆಂಟ್, ಆಬ್ಜೆಕ್ಟ್, ಕಂಡಕ್ಟ್, ಇಂಪೋರ್ಟ್ ಕೂಡ ಹಾಗೆಯೇ. ವಿಸಿಟ್, ಆನ್ಸರ್, ರಿಪೋರ್ಟ್, ರಿಸಲ್ಟ್ ಮಾತ್ರ ಎರಡು ರೂಪದಲ್ಲೂ ಬದಲಾಗುವುದಿಲ್ಲ.

ಕಲಿಕೋಪಕರಣ ಒಂದು ರಬ್ಬರ್ ಬ್ಯಾಂಡ್. ಎರಡು ಹೆಬ್ಬೆರಳಿಗೆ ಹಾಕಿಕೊಂಡು ಪದ ಹೇಳುತ್ತಾ ಒತ್ತು ಬರುವಲ್ಲಿ ಎಳೆಯುವುದು, ಉಳಿದಲ್ಲಿ ಸಡಿಲ ಬಿಡುವುದು. ಫೋಟೋಗ್ರಾಫ್ ಮೊದಲ ಉಚ್ಚಾರಾಂಶದಲ್ಲಿ, ಫೋಟೋಗ್ರಫರ್ ಎರಡನೆಯದರಲ್ಲಿ, ಫೋಟೋಗ್ರಾಫಿಕ್ ಮೂರನೆಯದರಲ್ಲಿ ಎಳೆಯಬೇಕು. ಬಿ.ಎಡ್. ಓದುವವರು ರಬ್ಬರ್ ಬ್ಯಾಂಡ್ ಎಳೆಯುತ್ತಾ ಕೂತದ್ದನ್ನು ಕಿಟಕಿಯಿಂದ ನೋಡಿದವರು ನಕ್ಕರು. ಆದರೆ ಕೈಗೆ ನೆನಪಾದದ್ದು ತಲೆಗೂ ನೆನಪಾಯಿತು.

ಏಳನೆಯ ಅವಧಿಯಲ್ಲಿ ಪರೀಕ್ಷೆಗೆ ಬೇಕಾದ ಅಂತ್ಯಪ್ರತ್ಯಯದ ನಿಯಮಗಳನ್ನು ವಿಜ್ಞಾನದ ಪದಗಳಿಂದಲೇ ಕಟ್ಟಿದೆವು:

1. 'ಶನ್', 'ಇಕ್', 'ಇಟಿ' ಕೊನೆಗೆ ಬಂದರೆ ಒತ್ತು ಅದರ ಹಿಂದಿನ ಉಚ್ಚಾರಾಂಶಕ್ಕೆ: ರಿಯಾಕ್ಷನ್, ಅಟಾಮಿಕ್, ಮ್ಯಾಗ್ನೆಟಿಕ್, ಎಲೆಕ್ಟ್ರಿಸಿಟಿ. ಅಪವಾದ: ನಾಮಪದವಾದ ಅರಿತ್ಮೆಟಿಕ್. ಅಲ್ಲಿ ಒತ್ತು ಎರಡನೆಯದಕ್ಕೆ.
2. 'ಲಜಿ', 'ಗ್ರಫಿ', 'ಮೆಟ್ರಿ' ಇದ್ದರೆ ಕೊನೆಯಿಂದ ಮೂರನೆಯದಕ್ಕೆ: ಬಯಾಲಜಿ, ಜಿಯಾಗ್ರಫಿ, ಜಿಯಾಮೆಟ್ರಿ.
3. 'ಇಯರ್', 'ಈಸ್' ಇದ್ದರೆ ಅದರ ಮೇಲೆಯೇ: ಎಂಜಿನಿಯರ್, ವಾಲಂಟಿಯರ್, ಜಾಪನೀಸ್. 'ಈ' ಅಂತ್ಯದ ಎಂಪ್ಲಾಯಿ ಕೂಡ ಹೀಗೆಯೇ, ಆದರೆ ಕಮಿಟಿ, ಕಾಫಿ ಈ ನಿಯಮಕ್ಕೆ ಸೇರುವುದಿಲ್ಲ.
4. ಅಳೆಯುವ ಉಪಕರಣವಾದ ಥರ್ಮಾಮೀಟರ್, ಬ್ಯಾರೋಮೀಟರ್ ಪದಗಳಲ್ಲಿ ಒತ್ತು ಎರಡನೆಯದಕ್ಕೆ. ಅಳತೆಯ ಏಕಮಾನವಾದ ಸೆಂಟಿಮೀಟರ್, ಮಿಲಿಮೀಟರ್ ಪದಗಳಲ್ಲಿ ಮೊದಲನೆಯದಕ್ಕೆ. ಕಿಲೋಮೀಟರ್ ಎರಡು ರೀತಿಯಲ್ಲೂ ಬಳಕೆಯಲ್ಲಿದೆ.
5. 'ನೆಸ್', 'ಲೆಸ್', 'ಫುಲ್' ಸೇರಿದರೆ ಒತ್ತು ಕದಲುವುದಿಲ್ಲ: ಕೇರ್, ಕೇರ್‌ಲೆಸ್, ಕೇರ್‌ಲೆಸ್‌ನೆಸ್.

ತರಗತಿಯಲ್ಲಿ ನಡೆದದ್ದು

ಇದೇ ದಿನಗಳಲ್ಲಿ ನನ್ನ ಅಭ್ಯಾಸ ಬೋಧನೆ ಒಂದು ಪ್ರೌಢಶಾಲೆಯ ಎಂಟನೆಯ ತರಗತಿಯಲ್ಲಿ ನಡೆಯುತ್ತಿತ್ತು. ಹಿಂದಿನ ವಾರ ಉಷ್ಣಮಾಪಕದ ಪಾಠದಲ್ಲಿ ನಾನು 'ಥರ್ಮೋ' ಮತ್ತು 'ಮೀಟರ್' ಎಂದು ಎರಡು ತುಂಡು ಮಾಡಿ ಓದಿಸಿದ್ದೆ. ಆಗ ಒಬ್ಬ ಹುಡುಗ "ಟೀಚರ್, ಮೊಬೈಲಲ್ಲಿ ಬೇರೆ ಥರ ಹೇಳ್ತಾರೆ" ಅಂದಿದ್ದ. "ನಾನು ಹೇಳಿದ ಹಾಗೆ ಓದು" ಎಂದು ಕೂರಿಸಿದ್ದೆ. ಏಳನೆಯ ಅವಧಿಯ ಟಿಪ್ಪಣಿ ಬರೆಯುವಾಗ ಆ ಹುಡುಗನ ಮುಖ ನೆನಪಾಯಿತು. ಅವನು ಸರಿ ಇದ್ದ.

ಮರುದಿನ ತರಗತಿಯಲ್ಲಿ "ಹೋದ ವಾರ ನಾನು ಹೇಳಿಕೊಟ್ಟದ್ದು ತಪ್ಪು, ಇವನು ಕೇಳಿದ್ದು ಸರಿ" ಎಂದು ಎಲ್ಲರ ಮುಂದೆ ಹೇಳಿ ಪದವನ್ನು ಮತ್ತೆ ಓದಿಸಿದೆ. ಹುಡುಗ ತಲೆ ತಗ್ಗಿಸಿ ನಕ್ಕ. ಅವಧಿ ಮುಗಿದ ಮೇಲೆ ಬಂದು "ಟೀಚರ್, ಬ್ಯಾರೋಮೀಟರೂ ಹಂಗೇನಾ?" ಎಂದು ಕೇಳಿದ. ಟಿಇಟಿಯಲ್ಲಿ ಒತ್ತಿನ ಪ್ರಶ್ನೆ ತಪ್ಪಿದರೆ ನನಗೆ ಒಂದು ಅಂಕ ಹೋಗುತ್ತದೆ. ತರಗತಿಯಲ್ಲಿ ತಪ್ಪಿದರೆ ನಲವತ್ತು ಮಕ್ಕಳು ಅದನ್ನೇ ಹೊತ್ತು ಮುಂದಿನ ತರಗತಿಗೆ ಹೋಗುತ್ತಾರೆ.

ಅವಧಿ 8: ಮೌಲ್ಯಮಾಪನ

ಎಂಟನೆಯ ಅವಧಿಯಲ್ಲಿ 30 ಪ್ರಶ್ನೆಗಳ ಕಿರುಪರೀಕ್ಷೆ ನಡೆಸಿ, ಉತ್ತರಕ್ಕೆ ಕಾರಣವನ್ನೂ ಬರೆಸಿದೆ. ಟಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಊಹಿಸಿ ಬರೆದವರಿಗೂ ಅಂಕ ಬರುತ್ತದೆ, ಕಲಿತರೋ ಇಲ್ಲವೋ ಗೊತ್ತಾಗುವುದಿಲ್ಲ. ಕಾರಣ ಬರೆದಾಗ ಮಾತ್ರ ತಿಳಿಯುತ್ತದೆ. ನಂತರ ನಡೆದ ಎರಡನೆಯ ಮಾದರಿ ಟಿಇಟಿಯಲ್ಲಿ ನನಗೆ ಇಂಗ್ಲಿಷ್‌ನಲ್ಲಿ 20, ಒಟ್ಟು 96 ಬಂತು. ಎಲ್ಲರಿಗೂ ಹೀಗಾಗಲಿಲ್ಲ. 'ರ ಒತ್ತು' ಎಂದ ಗೆಳತಿಗೆ 12 ಇದ್ದದ್ದು 14 ಆಯಿತು, ಅಷ್ಟೇ. ಅವಳ ತೊಡಕು ಒತ್ತಿನದಲ್ಲ, ಗದ್ಯಭಾಗವನ್ನು ಓದಿ ಅರ್ಥ ಮಾಡಿಕೊಳ್ಳುವುದರಲ್ಲಿದೆ. ಮೊದಲ ದಿನವೇ ಪ್ರತಿಯೊಬ್ಬರ ತಪ್ಪುಗಳನ್ನು ಬೇರೆ ಬೇರೆಯಾಗಿ ನೋಡದೆ, ನನ್ನ ತಪ್ಪುಗಳೇ ಎಲ್ಲರ ತಪ್ಪುಗಳೆಂದು ಭಾವಿಸಿದ್ದು ನನ್ನ ಯೋಜನೆಯ ದೋಷ. ಈಗ ನಾವಿಬ್ಬರೂ ದಿನಕ್ಕೊಂದು ಗದ್ಯಭಾಗ ಹಿಡಿದು ಕೂರುತ್ತಿದ್ದೇವೆ.

ಓದುಗ ಪ್ರಶಿಕ್ಷಣಾರ್ಥಿಗಳಿಗೆ ಅಭ್ಯಾಸ

ಉತ್ತರದ ಜೊತೆಗೆ ಕಾರಣವನ್ನೂ ಬರೆಯಿರಿ.

1. 'ಲಾಜಿಕಲ್' ಪದದ ವಿರುದ್ಧ ಪದಕ್ಕೆ ಯಾವ ಪೂರ್ವಪ್ರತ್ಯಯ ಸೇರುತ್ತದೆ?
2. 'ಎಲ್ಲವನ್ನೂ ಬಲ್ಲವನು' ಎಂಬುದಕ್ಕೆ ಇಂಗ್ಲಿಷ್‌ನಲ್ಲಿ ಒಂದು ಪದ ಯಾವುದು?
3. 'ಇಂಡಿಯಾ ಇಂಪೋರ್ಟ್ಸ್ ಕ್ರೂಡ್ ಆಯಿಲ್' ಎಂಬಲ್ಲಿ 'ಇಂಪೋರ್ಟ್ಸ್' ಪದದ ಒತ್ತು ಎಲ್ಲಿ?
4. ಎಂಜಿನಿಯರ್, ವಾಲಂಟಿಯರ್, ಕಮಿಟಿ, ಜಾಪನೀಸ್: ಒತ್ತಿನಲ್ಲಿ ಗುಂಪಿಗೆ ಸೇರದ ಪದ ಯಾವುದು?
5. 'ಗಿವ್ ಎ ಹ್ಯಾಂಡ್' ಯಾವ ಡಬ್ಬಿಗೆ ಸೇರುತ್ತದೆ?

ಉತ್ತರಗಳು: 1. ಇಲ್. 2. ಆಮ್ನಿಸಿಯೆಂಟ್. 3. ಕ್ರಿಯಾಪದವಾದ್ದರಿಂದ ಎರಡನೆಯ ಉಚ್ಚಾರಾಂಶ. 4. ಕಮಿಟಿ. 5. ಮೂರನೆಯದು.