ಆಶ್ಲೇಷಾ ಮಳೆಯಲ್ಲಿ ಹೂಮರಿ ಉಳಿಸಿದ್ದು

ಮಳೆಗಾಲದಲ್ಲಿ ಎದ್ದ ಕೋಳಿಯ ಹೂಮರಿ ಉಳಿಯುವುದಿಲ್ಲ ಎಂದು ಆಗುಂಬೆಯ ಆಸುಪಾಸಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಮ್ಮ ಅತ್ತೆಯೂ ಹೇಳುತ್ತಿದ್ದರು. ದೀಪಾವಳಿ ಕಳೆದ ಮೇಲೆ ಕಾವು ಕೂರಿಸಬೇಕು, ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ಮರಿಗಳು ತಾಯಿ ಬಿಟ್ಟು ಮೇಯುವಷ್ಟಾಗಿರಬೇಕು, ಅದು ಅವರ ಲೆಕ್ಕ. ಆ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಆದರೆ ಮರಿ ಸತ್ತಾಗಲೆಲ್ಲ ಮಳೆಯ ಮೇಲೆ ಹಾಕಿ ಸುಮ್ಮನಾಗುವುದನ್ನು ನಾನು ಒಪ್ಪುವುದಿಲ್ಲ. 2019ರ ಆಗಸ್ಟಿನ ಮಳೆಯನ್ನು ಕಂಡವರು ಮರೆತಿರಲಾರರು. ಆ ಮಳೆಯಲ್ಲೂ ನಾನು ಮರಿ ಉಳಿಸಿದ್ದೇನೆ. ಸತ್ತವು ಯಾಕೆ ಸತ್ತವು ಎಂಬುದೂ ನನಗೆ ಗೊತ್ತು.

ಆ ವರ್ಷ ನಾನಾಗಿ ಕಾವು ಕೂರಿಸಿರಲಿಲ್ಲ. ಬೂದಿ ಬಣ್ಣದ ಒಂದು ಹೇಂಟೆ ಸೌದೆ ಕೊಟ್ಟಿಗೆಯ ಹಿಂದೆ, ಅಡಿಕೆ ಹಾಳೆಗಳ ಸಂದಿಯಲ್ಲಿ ಕದ್ದು ಮೊಟ್ಟೆಯಿಟ್ಟು ಅಲ್ಲೇ ಕಾವು ಕೂತಿತ್ತು. ಸಂಜೆ ಒಡ್ಡಿಗೆ ಬಾರದೆ ಇದ್ದುದನ್ನು ನೋಡಿ ಕಬ್ಬೆಕ್ಕಿನ ಪಾಲಾಯಿತೆಂದೇ ತಿಳಿದಿದ್ದೆವು. ಪುನರ್ವಸು ಮಳೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ ಹನ್ನೊಂದು ಮರಿ ಕಟ್ಟಿಕೊಂಡು ಅಂಗಳಕ್ಕೆ ಬಂತು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ ಕೋಳಿಯನ್ನೂ ನಾನು ಸಾಕಿದ್ದೇನೆ. ಬೇಗ ಮೈ ತುಂಬಿಕೊಳ್ಳುತ್ತದೆ, ಮೊಟ್ಟೆಯೂ ದಪ್ಪ, ಆದರೆ ಕಾವು ಕೂರುವ ಬುದ್ಧಿ ಅದಕ್ಕಿಲ್ಲ. ನಾಟಿ ಹೇಂಟೆಯ ಹಾಗೆ ಮಳೆಯಲ್ಲಿ ಇಪ್ಪತ್ತೊಂದು ದಿನ ಅಲ್ಲಾಡದೆ ಕೂತು ಮರಿ ಎಬ್ಬಿಸುವ ಛಲ ಬೇರೆ ಯಾವ ಜಾತಿಯಲ್ಲೂ ನಾನು ಕಂಡಿಲ್ಲ. ಅಂಥ ತಾಯಿ ತಂದ ಮರಿಗಳನ್ನು ಹೇಗೂ ಸಾಯುತ್ತವೆ ಎಂದು ಬಿಟ್ಟುಬಿಡಲು ನನ್ನಿಂದ ಆಗಲಿಲ್ಲ.

ಮರಿ ಎದ್ದು ವಾರದೊಳಗೆ ಲಸೋಟ ಲಸಿಕೆಯ ಹನಿ ಹಾಕಿಸಬೇಕು. ಕಣ್ಣಿಗೋ ಮೂಗಿಗೋ ಒಂದು ಹನಿ, ಕೊಕ್ಕರೆ ರೋಗಕ್ಕೆ ಅದೇ ಮೊದಲ ತಡೆ. ಕೊಡೆ ಹಿಡಿದು ದನದ ಆಸ್ಪತ್ರೆಗೆ ಹೋದೆ. ಅಲ್ಲಿದ್ದವರು ಫ್ರಿಜ್ಜಿನ ಬಾಗಿಲನ್ನೂ ತೆಗೆಯಲಿಲ್ಲ.

“ಬಾಟ್ಲೀಲಿ ನೂರು ಡೋಸ್ ಇರ್ತದೆ ಕಣಮ್ಮ. ಒಡೆದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸ್ಬೇಕು. ನಿಮ್ಮ ಹನ್ನೊಂದು ಮರಿಗೆ ಒಡೆದ್ರೆ ಉಳಿದದ್ದಕ್ಕೆ ನಾನು ಯಾರಿಗೆ ಲೆಕ್ಕ ಕೊಡ್ಲಿ?”

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಪುಡಿಯಾಗಿರುವ ಲಸಿಕೆಗೆ ಅದರ ದ್ರಾವಣ ಬೆರೆಸಿದ ಮೇಲೆ ಅದು ಹೆಚ್ಚು ಹೊತ್ತು ಬಾಳುವುದಿಲ್ಲ. ಆದರೆ ನಮ್ಮ ಕೇರಿಯಲ್ಲಿ ಮನೆಮನೆಗೂ ಕೋಳಿಗಳಿವೆ. ಎಲ್ಲರನ್ನೂ ಸೇರಿಸಿ, ಇಂಥ ದಿನ ಬರುತ್ತೇನೆ ಎಂದು ಒಂದು ಮಾತು ಹೇಳಿದ್ದರೆ ಅವತ್ತೇ ನೂರು ಮಾಡಿಕೊಡುತ್ತಿದ್ದೆ. ಅದನ್ನು ಹೇಳುವುದು ಅವರ ಕೆಲಸ. ದನಕ್ಕಾದರೆ ಮನೆಗೆ ಬರುತ್ತಾರೆ, ಕೋಳಿ ಅಂದ ಕೂಡಲೇ ಹೆಂಗಸರ ಹಿತ್ತಲ ವ್ಯವಹಾರ ಆಗಿಬಿಡುತ್ತದೆ. ಬರಿಗೈಯಲ್ಲಿ ವಾಪಸು ಬಂದೆ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಭೀಮನ ಅಮಾವಾಸ್ಯೆಗೆ ನಮ್ಮ ಭಾವ ಶಿವಮೊಗ್ಗದಿಂದ ಬಂದರು. ಬಂದ ಮಾರನೆಯ ದಿನವೇ ಒಡ್ಡಿಯ ಮೇಲೆ ಅವರ ಕಣ್ಣು ಬಿತ್ತು. ನಮ್ಮ ಒಡ್ಡಿ ಮಾವನ ಕಾಲದ್ದು. ಕೊಟ್ಟಿಗೆಯ ಹಿಂದೆ ಧರೆಗೆ ಒತ್ತಿ ಕಟ್ಟಿದ್ದು, ಮಣ್ಣಿನ ನೆಲ, ಮೇಲೆ ಹೆಂಚು, ಮುಂದೆ ಬಿದಿರು ದಬ್ಬೆಯ ತಡಿಕೆ. ಎರಚಲು ಹೊಡೆಯುತ್ತದೆ ಎಂದು ಅವರು ಅಡಿಕೆಗೆ ಹೊದೆಸುವ ಟಾರ್ಪಾಲು ತಂದು ತಡಿಕೆಯನ್ನು ಮೇಲಿನಿಂದ ಬುಡದವರೆಗೆ ಮುಚ್ಚಿ, ಕೆಳಗೆ ಕಲ್ಲು ಹೇರಿದರು. ನಾನು ಅಲ್ಲೇ ನಿಂತಿದ್ದೆ.

“ಭಾವ, ಮೇಲೊಂದು ಗೇಣಾದ್ರೂ ಬಿಡಿ. ಒಳಗೆ ಗಾಳಿ ಆಡ್ಬೇಕು.”

“ಚಳೀಲಿ ಸಾಯ್ತಾವೆ. ಗಾಳಿ ಎಂತಕ್ಕೆ?”

ನಮ್ಮವರು ಅಣ್ಣನ ಮಾತಿಗೆ ಎದುರಾಡುವವರಲ್ಲ. ಎರಡೇ ದಿನದಲ್ಲಿ ಒಡ್ಡಿಯ ಬಾಗಿಲು ತೆಗೆದರೆ ಕಣ್ಣು ಉರಿಯುವಂಥ ಘಾಟು. ಕೋಳಿ ಉಸಿರಾಡಿದರೂ ತೇವವೇ ಹೊರಬರುತ್ತದೆ, ಹಿಕ್ಕೆಯಲ್ಲೂ ನೀರೇ ಹೆಚ್ಚು. ಆ ತೇವ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಕೆಳಗಿನ ಉಮಿ ಕೊಳೆತು ಅಮೋನಿಯಾ ಏಳುತ್ತದೆ. ನಮ್ಮ ಕಣ್ಣಿಗೆ ಅಷ್ಟು ಉರಿಯಾದರೆ ಮೂಗು ನೆಲಕ್ಕೆ ಹಚ್ಚಿಕೊಂಡೇ ಇರುವ ಮರಿಗಳ ಗತಿ ಏನು? ಬೆಳಿಗ್ಗೆ ನಾನು ಟಾರ್ಪಾಲು ಎತ್ತಿ ಕಟ್ಟುವುದು, ಮಧ್ಯಾಹ್ನ ಭಾವ ಬಂದು ಇಳಿಸುವುದು, ಹೀಗೇ ನಡೆಯಿತು.

ಅಷ್ಟರಲ್ಲಿ ಆಶ್ಲೇಷಾ ಹಿಡಿಯಿತು. ನಮ್ಮ ಕಡೆ ಮಳೆ ಹೊಸದಲ್ಲ, ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಬೀಳುತ್ತದೆ. ಆದರೆ ಆ ವಾರದ್ದು ಬೇರೆ. ಹಗಲೂ ರಾತ್ರಿ ಒಂದೇ ಜಡಿ. ತೋಟದೊಳಗೆ ಹಳ್ಳ ಹರಿಯಿತು, ಕರೆಂಟು ಹೋಯಿತು, ಮರ ಬಿದ್ದು ರಸ್ತೆಯೂ ಮುಚ್ಚಿತು. ಭಾವನವರು ನಮ್ಮಲ್ಲೇ ಉಳಿಯಬೇಕಾಯಿತು.

ಆ ರಾತ್ರಿ ಯಾವ ಹೊತ್ತಿಗೆ ಎಚ್ಚರವಾಯಿತೋ ತಿಳಿಯದು. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಪಕ್ಕದಲ್ಲಿ ಮಲಗಿದವರು ಮಾತಾಡಿದರೂ ಕೇಳುತ್ತಿರಲಿಲ್ಲ. ಆದರೂ ಹೇಂಟೆಯ ಕೂಗು ಕೇಳಿತು. ಹಾವೋ ಕಬ್ಬೆಕ್ಕೋ ಬಂದಾಗ ಕಿರುಚುವ ಕೂಗಲ್ಲ ಅದು. ಬಿಟ್ಟು ಬಿಟ್ಟು, ಸೋತು ಕರೆಯುವಂಥ ದನಿ. ಕಂಬಳಿ ಕೊಪ್ಪೆ ಹಾಕಿಕೊಂಡು ಬ್ಯಾಟರಿ ಹಿಡಿದು ಹಿತ್ತಲಿಗೆ ಇಳಿದೆ. ಅಂಗಳದಲ್ಲೇ ಕಣಕಾಲು ಮುಳುಗುವ ನೀರು. ಆಚೆ ಮನೆಯ ಧರೆ ಅವತ್ತು ಸಂಜೆಯಷ್ಟೇ ಕುಸಿದಿತ್ತು. ನಮ್ಮ ಧರೆಯ ಬುಡಕ್ಕೆ ಹೋಗಬಾರದೆಂದು ನಮ್ಮವರು ಹೇಳಿದ್ದರು. ಹೋಗದೆ ಇರಲು ಆಗಲಿಲ್ಲ.

ಟಾರ್ಪಾಲಿನ ಮೇಲಿನ ಕಲ್ಲು ಎತ್ತಿ ಹಾಕಿ ಬೆಳಕು ಬಿಟ್ಟರೆ ಒಡ್ಡಿಯೊಳಗೆ ನೀರು ನಿಂತಿದೆ. ಮೇಲಿನಿಂದ ಒಂದು ಹನಿಯೂ ಸೋರಿರಲಿಲ್ಲ. ಧರೆಯ ಬುಡದಲ್ಲಿ ಜಲ ಒಡೆದು ಮಣ್ಣಿನ ನೆಲದಿಂದ ಗುಳುಗುಳು ಉಕ್ಕುತ್ತಿತ್ತು. ಹಾಕಿದ್ದ ಉಮಿಯೆಲ್ಲ ತೇಲುತ್ತಿತ್ತು. ಒಳಗೆ ಬಂದ ನೀರು ಆಚೆ ಹೋಗದಂತೆ ಕೆಳಗೆ ಸಿಕ್ಕಿಸಿದ್ದ ಟಾರ್ಪಾಲೇ ಕಟ್ಟೆಯಾಗಿತ್ತು. ಗಳದ ಮೇಲೆ ಕೂತಿದ್ದ ದೊಡ್ಡ ಕೋಳಿಗಳು ಒಣಗಿಯೇ ಇದ್ದವು. ಮರಿಗಳು ಗಳ ಹತ್ತುವಷ್ಟಾಗಿರಲಿಲ್ಲ, ಅವುಗಳಿಗಾಗಿ ಹೇಂಟೆಯೂ ನೆಲದಲ್ಲೇ ಉಳಿದಿತ್ತು. ನೀರಿನಲ್ಲಿ ನಿಂತು ರೆಕ್ಕೆ ಅಗಲಿಸಿ ಹಿಡಿದಿತ್ತು. ನಾಲ್ಕು ಮರಿ ಅದರ ಬೆನ್ನ ಮೇಲೆ. ಉಳಿದವು ಎದೆಯ ಕೆಳಗೆ ಒಂದರ ಮೇಲೊಂದು ಹತ್ತಿಕೊಂಡು, ಕುತ್ತಿಗೆಯವರೆಗೆ ನೆನೆದು, ಬಾಯಿ ಬಿಡುವ ತ್ರಾಣವಿಲ್ಲದೆ ನಿಂತಿದ್ದವು. ಹೇಂಟೆ ಕೂಗುತ್ತಿದ್ದುದು ಅವು ಕೂಗದೆ ಇದ್ದುದಕ್ಕೇ ಎಂದು ನನಗೆ ಆಗ ಅನ್ನಿಸಿತು.

ಕೈ ಹಾಕಿದರೆ ಹೇಂಟೆ ಕುಕ್ಕಿತು, ಮುಂಗೈಯಲ್ಲಿ ರಕ್ತ ಬಂತು. ಅದರ ತಪ್ಪೇನು? ಸೆರಗು ಒಡ್ಡಿ ಮರಿಗಳನ್ನು ಒಂದೊಂದಾಗಿ ತುಂಬಿಕೊಂಡು ತಾಯಿಯನ್ನು ಕಂಕುಳಲ್ಲಿ ಒತ್ತಿ ಹಿಡಿದು ಬಚ್ಚಲಿಗೆ ಬಂದೆ. ಮಲೆನಾಡಿನ ಬಚ್ಚಲು ಒಲೆ ಮಳೆಗಾಲದಲ್ಲಿ ಆರುವುದಿಲ್ಲ, ಅದು ನಮ್ಮ ಪುಣ್ಯ. ಕುಕ್ಕೆಗೆ ಹಳೆಯ ಪಂಚೆ ಹಾಸಿ ಒಲೆಯಿಂದ ಒಂದು ಮಾರು ದೂರ, ಹೊಗೆ ಸುತ್ತದ ಕಡೆ ಇಟ್ಟು ಒಂದೊಂದನ್ನೇ ಒರೆಸಿದೆ. ಎರಡು ಮರಿಗಳ ಕಾಲು ಸೆಟೆದು ಹೋಗಿತ್ತು. ಅವನ್ನು ಅಂಗೈಗಳ ನಡುವೆ ಹಿಡಿದು ಕೂತೆ. ಬೆಲ್ಲದ ನೀರು ಬಿಡು ಎಂದು ಅತ್ತೆ ಎದ್ದು ಬಂದು ಹೇಳಿದರು. ಮೈ ತಣ್ಣಗಿರುವ ಮರಿಗೆ ನೀರು ಬಿಟ್ಟರೆ ನೆತ್ತಿಗೇರುತ್ತದೆ, ಮೊದಲು ಮೈ ಬಿಸಿಯಾಗಲಿ ಎಂದೆ. ಅತ್ತೆ ಮರುಮಾತಾಡದೆ ಒಲೆಗೆ ಕಟ್ಟಿಗೆ ತುಂಬಿ ನನ್ನ ಪಕ್ಕದಲ್ಲೇ ಕೂತರು. ಬೆಳಕು ಹರಿಯುವ ಮೊದಲು ಆ ಎರಡೂ ಹೋದವು. ಉಳಿದ ಒಂಬತ್ತು ತಾಯಿಯ ಕೆಳಗೆ ಸೇರಿಕೊಂಡು ಚಿಂವ್‌ಗುಟ್ಟತೊಡಗಿದವು.

ಭಾವ ಬಾಗಿಲಲ್ಲಿ ನಿಂತು, “ಹೇಳಿರ್ಲಿಲ್ವಾ, ಮಳೇಲಿ ಉಳಿಯಲ್ಲ ಅಂತ” ಎಂದರು. ನಾನು ಅವರನ್ನು ಒಡ್ಡಿಗೆ ಕರೆದುಕೊಂಡು ಹೋಗಿ ಗಳದ ಮೇಲೆ ಒಣಗಿದ್ದ ಕೋಳಿಗಳನ್ನೂ ಕೆಳಗಿನ ನೀರನ್ನೂ ತೋರಿಸಿದೆ. ಅವರು ಏನೂ ಹೇಳಲಿಲ್ಲ. ಇವತ್ತಿಗೂ ನೆಂಟರ ಮುಂದೆ ಅವರು ಹೇಳುವುದು ತಾನು ಟಾರ್ಪಾಲು ಕಟ್ಟಿದ್ದರಿಂದ ಕೋಳಿ ಉಳಿದವು ಎಂದೇ.

ಅಲ್ಲಿಗೇ ಮುಗಿಯಲಿಲ್ಲ. ಕೆಲವು ದಿನ ಕಳೆದ ಮೇಲೆ ಕುಕ್ಕೆಯ ಬಟ್ಟೆಯಲ್ಲಿ ಕೆಂಪು ಕಂಡಿತು. ರಕ್ತಭೇದಿ. ಮೂರರಿಂದ ಎಂಟು ವಾರದೊಳಗಿನ ಮರಿಗಳಿಗೆ ಇದು ಮೃತ್ಯುವೇ. ಹಿಕ್ಕೆಯಲ್ಲಿ ಬೀಳುವ ಕಣ್ಣಿಗೆ ಕಾಣದ ಜೀವಿಯ ತತ್ತಿಗಳು ಬೆಚ್ಚಗಿನ ಒದ್ದೆ ಹಾಸಿನಲ್ಲಿ ಒಂದೆರಡು ದಿನಕ್ಕೇ ಬಲಿತು ರೋಗ ಹರಡಲು ತಯಾರಾಗುತ್ತವೆ, ಮರಿ ಅದೇ ಹಾಸನ್ನು ಕೆದಕಿ ತಿನ್ನುತ್ತದೆ. ಆ ಮುಚ್ಚಿದ ಒಡ್ಡಿಯಲ್ಲೇ ಅವು ಹೊಟ್ಟೆಗೆ ಹೋಗಿದ್ದವು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ರೆಕ್ಕೆ ಜೋತು, ಪುಕ್ಕ ಕೆದರಿ ಮೂಲೆ ಹಿಡಿದ ಎರಡನ್ನು ಬೇರೆ ಇಟ್ಟೆ. ಅರಿಶಿನದ ನೀರು ಕೊಟ್ಟೆವು, ರಕ್ತ ನಿಲ್ಲಲಿಲ್ಲ. ಆ ಎರಡೂ ಸತ್ತವು. ರಸ್ತೆ ತೆರೆದ ದಿನವೇ ನಮ್ಮವರು ತೀರ್ಥಹಳ್ಳಿಗೆ ಹೋಗಿ ಆಂಪ್ರೋಲಿಯಂ ಪುಡಿ ತಂದರು. ಪೊಟ್ಟಣದ ಮೇಲಿನ ಅಳತೆಯಂತೆ ಕುಡಿಯುವ ನೀರಿಗೆ ಬೆರೆಸಿ, ಬೇರೆ ನೀರು ಸಿಗದಂತೆ ನೋಡಿಕೊಂಡೆ. ಈ ಔಷಧಿ ಕೊಡುವಾಗ ಜತೆಗೆ ಬಿ ವಿಟಮಿನ್ನಿನ ಟಾನಿಕ್ಕು ಬೆರೆಸಬಾರದು. ಬಿ1 ಹೆಚ್ಚಾದಷ್ಟೂ ಔಷಧಿಯ ಬಲ ಕುಂದುತ್ತದೆ. ಅಂಗಡಿಯವರು ಎರಡನ್ನೂ ಒಟ್ಟಿಗೇ ಕಟ್ಟಿಕೊಡುತ್ತಾರೆ. ಏಳು ಮರಿ ಉಳಿದವು.

ಮಳೆ ಬಿಟ್ಟ ಮೇಲೆ ಹಳೆಯ ಒಡ್ಡಿ ಕಿತ್ತು ಹಾಕಿಸಿದೆ. ಈಗಿನದು ಧರೆಯಿಂದ ದೂರ, ಮರದ ಕಾಲುಗಳ ಮೇಲೆ ಸೊಂಟದೆತ್ತರಕ್ಕೆ ನಿಂತಿದೆ. ನಿಮ್ಮ ನೆಲದಲ್ಲಿ ಜಲ ಒಡೆಯುತ್ತದೆಯೋ ಇಲ್ಲವೋ ಎಂದು ಕಾದು ನೋಡಬೇಡಿ, ಎತ್ತರಿಸಿ ಕಟ್ಟಿ. ಮಾಡು ಮುಂದಕ್ಕೆ ಚಾಚಿದ್ದರೆ ಎರಚಲು ತಾನೇ ನಿಲ್ಲುತ್ತದೆ. ಟಾರ್ಪಾಲು ಬೇಕಾದರೆ ಗಾಳಿ ಬೀಸುವ ಕಡೆ ಮಾತ್ರ, ಮೇಲೆ ಒಂದಡಿ ಬಿಟ್ಟು ಕಟ್ಟಿ. ಉಮಿಯನ್ನು ಬೇಸಗೆಯಲ್ಲೇ ಚೀಲ ತುಂಬಿ ಅಟ್ಟಕ್ಕೆ ಹಾಕಿಡಬೇಕು, ಆಷಾಢದಲ್ಲಿ ಹುಡುಕಿದರೆ ಒಣಗಿದ್ದು ಸಿಗುವುದಿಲ್ಲ. ಹಾಸನ್ನು ಮುಷ್ಟಿಯಲ್ಲಿ ಹಿಸುಕಿದಾಗ ಉಂಡೆ ಕಟ್ಟಿದರೆ ತೆಗೆದು ಹೊಸತು ಹಾಕಿ, ಉದುರಿದರೆ ಸ್ವಲ್ಪ ಸುಣ್ಣ ಉದುರಿಸಿ ಕೆದಕಿ ಬಿಡಿ. ಮಳೆಗಾಲದಲ್ಲಿ ಕೋಳಿಗೆ ಮಣ್ಣಿನಲ್ಲಿ ಹೊರಳಲು ಆಗುವುದಿಲ್ಲ, ಅದಕ್ಕೇ ಹೇನು ಹೆಚ್ಚುವುದು. ಒಂದು ಹಳೆಯ ಬುಟ್ಟಿಯಲ್ಲಿ ಒಲೆಯ ಬೂದಿ ತುಂಬಿ ಒಣಗಿದ ಕಡೆ ಇಟ್ಟರೆ ಸಾಕು. ಬೂಸ್ಟು ಹಿಡಿದ ಮೆಕ್ಕೆಜೋಳ, ಹಿಂಡಿ ಹಾಕಲೇಬೇಡಿ. ತೊಳೆದು ಒಣಗಿಸಿದರೂ ಬೂಸ್ಟಿನ ವಿಷ ಹೋಗುವುದಿಲ್ಲ. ಮರಿಗಳಿಗೆ ಕಾವು ಬೇಕೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಕೆಂಡ ಇಡಬಾರದು, ಅದು ಮರಿಗಳಿಗಷ್ಟೇ ಅಲ್ಲ ಮನುಷ್ಯರಿಗೂ ಅಪಾಯ.

ಇಷ್ಟು ಮಾಡಿದರೂ ಕೊಕ್ಕರೆ ರೋಗಕ್ಕೆ ಲಸಿಕೆ ಬಿಟ್ಟರೆ ಬೇರೆ ದಾರಿಯಿಲ್ಲ. ಅದೇ ವರ್ಷ ನವರಾತ್ರಿಯ ಹೊತ್ತಿಗೆ ನಮ್ಮ ಕೇರಿಗೆ ಅದು ಬಂತು. ಹಸಿರು ಹಿಕ್ಕೆ, ತಿರುಚಿದ ಕುತ್ತಿಗೆ, ಒಂದು ಒಡ್ಡಿಗೆ ಬಂದರೆ ಆ ಒಡ್ಡಿಯೇ ಖಾಲಿ. ಆಶ್ಲೇಷಾ ಮಳೆಯಿಂದ ಉಳಿಸಿದ ಏಳರಲ್ಲಿ ನನಗೆ ಮೂರೇ ಉಳಿದವು. ಬೂದಿ ಹೇಂಟೆಯೂ ಹೋಯಿತು. ಆ ನಾಲ್ಕು ಮರಿ ಮತ್ತು ಆ ತಾಯಿಯ ಲೆಕ್ಕವನ್ನು ನಾನು ಬರೆಯುವುದು ಒಡೆಯದೆ ಇಟ್ಟ ಆ ಬಾಟ್ಲಿಯ ಹೆಸರಿಗೆ.

ಮರುವರ್ಷದಿಂದ ಬೇಸಗೆ ಮುಗಿಯುವ ಮೊದಲೇ ಕೇರಿಯ ಹೆಂಗಸರೆಲ್ಲ ಕೋಳಿಗಳ ಪಟ್ಟಿ ಮಾಡಿ ಒಂದೇ ಅರ್ಜಿ ಕೊಡುತ್ತೇವೆ. ನೂರು ಸುಲಭವಾಗಿ ದಾಟುತ್ತದೆ. ಮರಿಗಳಿಗೆ ಹನಿ, ಎರಡು ತಿಂಗಳು ದಾಟಿದವಕ್ಕೆ ರೆಕ್ಕೆಯಡಿ ಚುಚ್ಚುಮದ್ದು. ಲಸಿಕೆ ತರಲು ಥರ್ಮಾಸಿನಲ್ಲಿ ಐಸು ನಾವೇ ಹಿಡಿದು ಹೋಗುತ್ತೇವೆ. ಸಂಜೆ ಕೋಳಿ ಒಡ್ಡಿ ಸೇರಿದ ಮೇಲೆ ಹಾಕಿದರೆ ಹಿಡಿಯುವುದೂ ಸುಲಭ.

ನೀವೂ ನಿಮ್ಮ ಕೇರಿಯಲ್ಲಿ ಹೀಗೆಯೇ ಮಾಡಿ. ಲಸಿಕೆ ಮೈಗೆ ಹಿಡಿಯಲು ಒಂದೆರಡು ವಾರ ಬೇಕು, ಆದ್ದರಿಂದ ಮೃಗಶಿರಕ್ಕೆ ಕಾಯದೆ ಮೇ ತಿಂಗಳಲ್ಲೇ ಹೋಗಿ ಕೇಳಿ. ಒಬ್ಬರೇ ಹೋಗಬೇಡಿ, ಹತ್ತು ಮನೆಯವರು ಒಟ್ಟಿಗೆ ಹೋಗಿ.