ಸರ್ವರ್‌ಗೆ ಜೋಡಿ ಡಿಸ್ಕ್: ವ್ಯವಹಾರಕ್ಕೆ ಭದ್ರತೆ

ಲೆಕ್ಕಪತ್ರ, ದಾಸ್ತಾನು, ಬಿಲ್ಲಿಂಗ್‌ಗಳಿಗೆ ಪ್ರತ್ಯೇಕ ವರ್ಚುವಲ್ ಯಂತ್ರಗಳನ್ನು ಒಂದೇ ಲಿನಕ್ಸ್ ಸರ್ವರ್‌ನಲ್ಲಿ ನಡೆಸುವುದರಿಂದ ವೆಚ್ಚ ತಗ್ಗುತ್ತದೆ. ಆದರೆ ಅದರ ಏಕೈಕ ಡಿಸ್ಕ್ ಕೆಟ್ಟರೆ ಮೂರೂ ಒಮ್ಮೆಗೇ ಸ್ಥಗಿತಗೊಳ್ಳುತ್ತವೆ.

ಇದಕ್ಕೆ ಪರಿಹಾರ ‘ರೇಡ್-1’. ‘ಎಂಡಿಎಡಿಎಂ’ ಎಂಬ ಉಚಿತ ತಂತ್ರಾಂಶದಿಂದ ಇದನ್ನು ಅಳವಡಿಸಿದರೆ, ಲಿನಕ್ಸ್ ಪ್ರತಿಯೊಂದು ದಾಖಲೆಯನ್ನೂ ಎರಡು ಡಿಸ್ಕ್‌ಗಳಲ್ಲಿ ಬರೆಯುತ್ತದೆ. ದುಬಾರಿ ಕಾರ್ಡ್ ಬೇಕಿಲ್ಲ. ಆದರೆ 1 ಟಿಬಿಯ ಎರಡು ಡಿಸ್ಕ್‌ಗಳಿಂದ ದೊರೆಯುವುದು 1 ಟಿಬಿ ಸ್ಥಳ ಮಾತ್ರ.

ಗಮನಿಸತಕ್ಕ ಅಂಶಗಳು:

1. ಸರ್ವರನ್ನು ಚಾಲನೆಗೊಳಿಸುವ ‘ಗ್ರಬ್’ ಎರಡೂ ಡಿಸ್ಕ್‌ಗಳಲ್ಲಿರಬೇಕು. ಇಲ್ಲವಾದಲ್ಲಿ ಮೊದಲನೆಯದು ಕೆಟ್ಟಾಗ, ದತ್ತಾಂಶ ಉಳಿದಿದ್ದರೂ ಯಂತ್ರ ಚಾಲನೆಗೊಳ್ಳದು.

2. ಒಂದು ಡಿಸ್ಕ್ ಕೆಟ್ಟರೂ ಕೆಲಸ ನಡೆಯುವುದರಿಂದ ದೋಷ ಗಮನಕ್ಕೆ ಬಾರದು. ಇ-ಮೇಲ್ ಎಚ್ಚರಿಕೆಯನ್ನು ಏರ್ಪಡಿಸಿ, ಕೆಟ್ಟದ್ದನ್ನು ಕೂಡಲೇ ಬದಲಿಸಬೇಕು.

3. ತಪ್ಪಾಗಿ ಅಳಿಸಿದ ಕಡತ ಎರಡರಲ್ಲೂ ಅಳಿಯುತ್ತದೆ. ಆದುದರಿಂದ ದಿನವಹಿ ಬ್ಯಾಕಪ್ ಬೇರೆಡೆ ಇರಲೇಬೇಕು.